ಟೂಫಾ ಕಲ್ಲಿನಲ್ಲಿ ನವಾಹೋ ಬೆಳ್ಳಿ ಎರಕ

ನವಾಹೋಗಳು ಅಮೆರಿಕದ ನೈಋತ್ಯ ಭಾಗದ ಮೂಲನಿವಾಸಿಗಳು. ಅವರ ಮೊದಲ ಬೆಳ್ಳಿ ಕುಶಲಕರ್ಮಿ ಎನ್ನಲಾದ ಅತ್ಸಿಡಿ ಸಾನಿ ತನ್ನ ಮಕ್ಕಳಿಗೆ ಕಲಿಸಿದಂದಿನಿಂದ ಈ ಬೆಳ್ಳಿಕೆಲಸ ಹೆಚ್ಚಾಗಿ ಮನೆಯೊಳಗೇ ಕೈದಾಟಿದೆ. ಟೂಫಾ ಎಂದರೆ ಗಟ್ಟಿಗೊಂಡ ಜ್ವಾಲಾಮುಖಿ ಬೂದಿ, ಚಾಕುವಿಗೂ ಬಗ್ಗುತ್ತದೆ. ಎರಡಾಗಿ ಕೊಯ್ದು, ಮುಖಗಳನ್ನು ಒಂದಕ್ಕೊಂದು ಉಜ್ಜಿ, ನಡುವೆ ಬೆಳಕು ತೂರದಷ್ಟು ಸಮ ಮಾಡಿ. ಒಂದರಲ್ಲಿ ನಾಜಾ ಎಂಬ ಹಾರದ ಪದಕದ ಅರ್ಧಚಂದ್ರವನ್ನು 2–3 ಮಿ.ಮೀ. ಆಳಕ್ಕೆ ಕೆತ್ತಿ. ಮೇಲೆ ಆಲಿಕೆಯಂಥ ಬಾಯಿ, ತುದಿಗಳಿಂದ ಹೊರಕ್ಕೆ ಸಣ್ಣ ಗಾಳಿಗೀರು. ಗೀರು ಮರೆತರೆ ಸಿಕ್ಕಿಬಿದ್ದ ಗಾಳಿ ಬೆಳ್ಳಿಯನ್ನು ತಡೆದು ತುದಿ ಮೊಂಡಾಗುತ್ತದೆ.

ಕಲ್ಲು ಪೂರ್ತಿ ಒಣಗಿರಲೇಬೇಕು. ತೇವವಿದ್ದರೆ ಆವಿ ಕರಗಿದ ಲೋಹವನ್ನು ಮುಖಕ್ಕೇ ಎರಚೀತು! ಅಚ್ಚಿಗೆ ಮಸಿ ಹಿಡಿಸಿ, ಬಿಗಿದು ಕಟ್ಟಿ. ಸ್ಟರ್ಲಿಂಗ್ ಬೆಳ್ಳಿ (ಶೇ. 92.5 ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ) ಸುಮಾರು 893 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಇನ್ನಷ್ಟು ಕಾಯಿಸಿ, ನಿಲ್ಲಿಸದೆ ಸುರಿಯಿರಿ. ಕಲ್ಲಿನ ತರಿತರಿ ಬೆಳ್ಳಿಯ ಮೇಲೆ ಮೂಡುತ್ತದೆ. ಅದನ್ನೆಲ್ಲ ಅರದಿಂದ ಉಜ್ಜಿ ಅಳಿಸಬೇಡಿ.