ತೆಹ್ರಾನ್ ಷೇರುಪೇಟೆಯ ಫಾರ್ಸಿ ಪದಗಳು: ನಾನು ಕಲಿತ ಬಗೆ

ಪದಪಟ್ಟಿ ಉರು ಹೊಡೆಯಲಿಲ್ಲ. ತೆಹ್ರಾನ್ ಬೂರ್ಸ್‌ನ, ಅಂದರೆ ಷೇರುಪೇಟೆಯ, ಒಂದೇ ಕಂಪನಿಯ ವಹಿವಾಟು ಪುಟ ಹಿಡಿದೆ: ಮೊಬಾರಕೆ ಉಕ್ಕು ಕಂಪನಿ. ಪೇಟೆಯಲ್ಲಿ ಅದರ ಗುರುತು, ಅಂದರೆ 'ನಮಾದ್', 'ಫೂಲಾದ್'. ದಿನಾ ಅದೇ ಪುಟ, ಹೊಸದಾಗಿ ನಾಲ್ಕೇ ಪದ.

ಬೆಲೆಯ ಸಾಲು ಎರಡಿರುತ್ತದೆ. 'ಆಖರೀನ್ ಮೊಆಮೆಲೆ' ಕೊನೆಯ ವ್ಯವಹಾರದ ಬೆಲೆ. 'ಕೈಮತೆ ಪಾಯಾನಿ' ದಿನದ ವಹಿವಾಟಿನ ಪ್ರಮಾಣ ಹಿಡಿದು ತೆಗೆದ ಮುಕ್ತಾಯ ಬೆಲೆ. ಮರುದಿನದ 'ದಾಮನೆ-ಯೆ ನವಸಾನ್', ಅಂದರೆ ಏರಿಳಿತದ ಮಿತಿ, ಲೆಕ್ಕಕ್ಕೆ ಬರುವುದು ಇದರಿಂದ. ಬೆಲೆ ಮೇಲಿನ ಮಿತಿ ಮುಟ್ಟಿ ಮಾರುವವರೇ ಇಲ್ಲದಾಗ 'ಸಫೆ ಖರೀದ್', ಕೊಳ್ಳುವವರ ಸಾಲು.

ಕಿಮ್ಮತ್ತು, ಖರೀದಿ, ನಗದು, ಬಾಕಿ ಎಲ್ಲ ನಮ್ಮಲ್ಲಿ ಮೊದಲೇ ಇವೆ. ಆದರೆ ಈ ನಂಟನ್ನು ಕಣ್ಣುಮುಚ್ಚಿ ನಂಬಬಾರದು. ಷೇರು ದಲ್ಲಾಳಿ ಅಲ್ಲಿ 'ಕಾರ್ಗೊಜಾರ್'; 'ದಲ್ಲಾಲ್' ಎಂದರೆ ಹಗುರ ಮಾತಾಗುತ್ತದೆ. 'ಹಕೀಕಿ' ಎಂದರೆ ನಿಜವಾದದ್ದು, ಪೇಟೆಯಲ್ಲಿ ಮಾತ್ರ ಸ್ವಂತ ಹೆಸರಲ್ಲಿ ಹೂಡುವ ವ್ಯಕ್ತಿ. ಅದರ ಜೋಡಿ 'ಹೊಕೂಕಿ', ಸಂಸ್ಥೆ. ಈ ಎರಡರ ನಡುವೆ ಹಣ ಯಾವ ಕಡೆ ಹರಿಯಿತು ಎಂಬುದೇ ಅಲ್ಲಿನ ದಿನದ ಚರ್ಚೆ, ಹಾಗಾಗಿ ಈ ಜೋಡಿ ಮೊದಲ ವಾರವೇ ಬರಬೇಕು.

'ಸೂದ್' ಒಂಟಿಯಾಗಿ ಬರೆದುಕೊಂಡರೆ ಕೈಕೊಡುತ್ತದೆ. 'ಸೂದೆ ಬಾಂಕಿ' ಬಡ್ಡಿ, 'ಸೂದೆ ಖಾಲೆಸ್' ನಿವ್ವಳ ಲಾಭ, 'ಸೂದೆ ನಕ್ದಿ' ಷೇರುದಾರರಿಗೆ ಹಂಚುವ ಲಾಭಾಂಶ. ಅದಕ್ಕೇ ನನ್ನ ಚೀಟಿಗಳಲ್ಲಿ ಮುಂದೆ ಇಡೀ ಪದಗುಚ್ಛ, ಹಿಂದೆ ಆ ದಿನದ ಪುಟದ ಒಂದು ಅಂಕಿ. ಕಿವಿಗೆ ಹತ್ತಿರವಾದವನ್ನು ಅಕ್ಷರ ಬರೆದೇ ಬೇರೆ ಮಾಡಬೇಕು: 'ಅರ್ಜ್' ಅಲಿಫ್ ಅಕ್ಷರದಿಂದ, ವಿದೇಶಿ ಹಣ, 'ಅರ್ಜೆ' ಐನ್ ಅಕ್ಷರದಿಂದ, ಪೂರೈಕೆ. 'ಅರ್ಜೆ-ಯೆ ಅವ್ವಲಿಯೆ' ಕಂಪನಿಯ ಮೊದಲ ಷೇರು ಬಿಡುಗಡೆ.

ಅಂಕಿಯಲ್ಲಿ ಹತ್ತು ಪಟ್ಟು ತಪ್ಪುವುದು ಸುಲಭ. ಪರದೆಯ ಮೇಲೆ ರಿಯಾಲ್, ಬಾಯಲ್ಲಿ ತೊಮಾನ್. ಒಂದು ತೊಮಾನ್‌ಗೆ 10 ರಿಯಾಲ್. ಸುದ್ದಿಯಲ್ಲಿ ಬರುವ 'ಹೆಮ್ಮತ್' ನಮ್ಮ ಹಿಮ್ಮತ್ತಲ್ಲ, 'ಹೆಜಾರ್ ಮಿಲ್ಯಾರ್ದ್ ತೊಮಾನ್' ಎಂಬುದರ ಮೊದಲಕ್ಷರಗಳು. ಮಿಲ್ಯಾರ್ದ್ 100 ಕೋಟಿ, ಆದ್ದರಿಂದ ಒಂದು ಹೆಮ್ಮತ್ ಸರಿಯಾಗಿ ಒಂದು ಲಕ್ಷ ಕೋಟಿ ತೊಮಾನ್. ನಮ್ಮ ಎಣಿಕೆಗೆ ಇಷ್ಟು ಚೆನ್ನಾಗಿ ಕೂರುವ ಅಳತೆ ಇನ್ನೊಂದಿಲ್ಲ.

ಪುಟ ಸರಾಗವಾದ ಮೇಲೆ ಕಂಪನಿಗಳ ಪ್ರಕಟಣೆ ಸಿಗುವ 'ಕೋದಾಲ್' ತಾಣಕ್ಕೆ ಹೋಗಿ. ವರದಿಯ ತಲೆಯಲ್ಲಿ 'ಮೊಂತಹಿ ಬೆ 1402/12/29' ಎಂದಿದ್ದರೆ ಆ ದಿನಕ್ಕೆ ಮುಗಿದ ಲೆಕ್ಕವರ್ಷ: ಇರಾನಿ ಕ್ಯಾಲೆಂಡರಿನ ಎಸ್ಫಂದ್ ತಿಂಗಳ 29, ನಮ್ಮ ಕ್ಯಾಲೆಂಡರಿನಲ್ಲಿ 2024ರ ಮಾರ್ಚ್ 19.