ಮನೆಗೊಂದು ಡಿಶ್, ರೂಮಿಗೊಂದು ವೈರ್: ಮಲ್ಟಿಸ್ವಿಚ್ ಹಾಕಿಸುವ ಮುಂಚೆ

"ಹಾಲ್‌ನಲ್ಲಿ ಟೀವಿ ಚೆನ್ನಾಗಿ ಬರ್ತಿದೆ, ಅದೇ ಡಿಶ್‌ನಿಂದ ರೂಮಿಗೂ ಒಂದು ವೈರ್ ಎಳ್ಕೋಬಹುದಾ?" ವಿದೇಶಕ್ಕೆ ಹೊಸದಾಗಿ ಬಂದವರು ಸ್ವಲ್ಪ ನೆಲೆ ನಿಂತ ಮೇಲೆ ಕೇಳಿಯೇ ಕೇಳುವ ಪ್ರಶ್ನೆ ಇದು. ಎಳ್ಕೋಬಹುದು. ಆದರೆ ನಾವು ಊರಲ್ಲಿ ಮಾಡುತ್ತಿದ್ದ ಹಾಗಲ್ಲ. ಅದಕ್ಕೆ ಮಲ್ಟಿಸ್ವಿಚ್, ಅಂದರೆ ಡಿಶ್‌ನ ಸಿಗ್ನಲ್ಲನ್ನು ಹಲವು ಬಾಕ್ಸ್‌ಗೆ ಹಂಚುವ ಪೆಟ್ಟಿಗೆ, ಬೇಕಾಗಬಹುದು.

ಅದಕ್ಕೂ ಮೊದಲು ಒಂದು ಮಾತು. ಭಾರತದ ಡಿಟಿಎಚ್ ಬಾಕ್ಸನ್ನು ಸೂಟ್‌ಕೇಸಿನಲ್ಲಿ ಹೊತ್ತು ತಂದವರನ್ನು ಬಹಳ ನೋಡಿದ್ದೇನೆ. ಆ ಸಿಗ್ನಲ್ಲನ್ನು ಭಾರತದ ಕಡೆಗೇ ಗುರಿಯಿಟ್ಟು ಬಿಟ್ಟಿರುತ್ತಾರೆ. ದೂರ ಹೋದಷ್ಟೂ ದೊಡ್ಡ ಡಿಶ್ ಬೇಕು, ಇನ್ನೂ ದೂರ ಹೋದರೆ ಎಷ್ಟು ದೊಡ್ಡದಿದ್ದರೂ ಏನೂ ಬರುವುದಿಲ್ಲ. ನೀವಿರುವ ಜಾಗದಲ್ಲಿ ನಿಮಗೆ ಬೇಕಾದ ಚಾನೆಲ್ ಯಾವ ಉಪಗ್ರಹದಿಂದ ಸಿಗುತ್ತದೆ ಅನ್ನುವುದನ್ನು ಮೊದಲು ಖಚಿತ ಮಾಡಿಕೊಳ್ಳಿ. ಡಿಶ್‌ಗೆ ಬೀಳದ ಸಿಗ್ನಲ್ಲನ್ನು ಮಲ್ಟಿಸ್ವಿಚ್ ಹುಟ್ಟಿಸಿ ಕೊಡುವುದಿಲ್ಲ. ನಾನು ಹೇಳುತ್ತಿರುವುದು ಯೂನಿವರ್ಸಲ್ ಎಲ್‌ಎನ್‌ಬಿ (ಡಿಶ್‌ನ ಮುಂದೆ ಕೂತು ಸಿಗ್ನಲ್ ಹಿಡಿದು ವೈರಿಗೆ ಇಳಿಸುವ ಭಾಗ) ಬಳಸುವ ಕಡೆಗಳ ಮಾತು. ಉತ್ತರ ಅಮೆರಿಕದ ದೊಡ್ಡ ಡಿಶ್ ಕಂಪನಿಗಳ ವ್ಯವಸ್ಥೆಯೇ ಬೇರೆ; ಅಲ್ಲಿರುವವರು ಆ ಕಂಪನಿ ಹೇಳಿದ ಸ್ವಿಚ್ಚನ್ನೇ ಹಾಕಬೇಕು.

ಈಗ ವಿಷಯಕ್ಕೆ ಬರೋಣ. ನಾವೆಲ್ಲ ಕೇಬಲ್ ಟೀವಿ ಕಾಲದಲ್ಲಿ ಬೆಳೆದವರು. ಕೇಬಲ್‌ನವನು ಬಂದು ಒಂದು ಸ್ಪ್ಲಿಟರ್ ಸಿಕ್ಕಿಸಿದರೆ ಮುಗಿಯಿತು, ಎರಡೂ ಟೀವಿಯಲ್ಲಿ ಎಲ್ಲಾ ಚಾನೆಲ್ಲೂ ಬರುತ್ತಿದ್ದವು. ಹಾಗಾಗಿ ಇಲ್ಲೂ ಕೈ ಮೊದಲು ಹೋಗುವುದು ಸ್ಪ್ಲಿಟರ್ ಕಡೆಗೇ. ಹಾಕಿದ ದಿನ ಬರುತ್ತದೆ ಕೂಡ. ಎರಡೂ ಟೀವಿ ಒಟ್ಟಿಗೆ ಆನ್ ಮಾಡಿದಾಗ ನೋಡಿ ಮಜಾ. ಹಾಲ್‌ನಲ್ಲಿ ಚಾನೆಲ್ ಬದಲಿಸಿದರೆ ರೂಮಿನಲ್ಲಿ "ಸಿಗ್ನಲ್ ಇಲ್ಲ" ಅಂತ ಬರುತ್ತದೆ. ಆಗ ಬಾಕ್ಸ್ ಕೆಟ್ಟಿದೆ ಅಂತ ಹೊಸ ಬಾಕ್ಸ್ ತರುವವರೂ ಇದ್ದಾರೆ.

ಬಾಕ್ಸ್ ಏನೂ ಕೆಟ್ಟಿರುವುದಿಲ್ಲ. ಕೇಬಲ್ ಟೀವಿಯಲ್ಲಿ ಎಲ್ಲಾ ಚಾನೆಲ್ಲೂ ಒಂದೇ ವೈರಿನಲ್ಲಿ ಒಟ್ಟಿಗೆ ಬರುತ್ತವೆ. ಡಿಶ್‌ನಲ್ಲಿ ಹಾಗೆ ಬರೋಕೆ ಜಾಗ ಸಾಲುವುದಿಲ್ಲ. ಮೇಲಿಂದ ಬೀಳುವ ಸಿಗ್ನಲ್ 10.7ರಿಂದ 12.75 ಗಿಗಾಹರ್ಟ್ಜ್‌ವರೆಗೆ ಹರಡಿಕೊಂಡಿದೆ. ಅದರಲ್ಲೂ ಅಡ್ಡ (ಹಾರಿಜಾಂಟಲ್), ಉದ್ದ (ವರ್ಟಿಕಲ್) ಅಂತ ಎರಡು ಬಗೆ. ವೈರಿನಲ್ಲಿ ಇಳಿಯುವುದೋ 950ರಿಂದ 2150 ಮೆಗಾಹರ್ಟ್ಜ್ ಒಳಗೆ ಹಿಡಿಯುವಷ್ಟೇ. ಅದಕ್ಕೇ ಪೂರ್ತಿ ಸಿಗ್ನಲ್ಲನ್ನು ನಾಲ್ಕು ಪಾಲು ಮಾಡಿದ್ದಾರೆ. ಒಂದು ವೈರಿನಲ್ಲಿ ಒಂದು ಹೊತ್ತಿಗೆ ಒಂದೇ ಪಾಲು ಇಳಿಯುತ್ತದೆ. ಯಾವ ಪಾಲು ಅಂತ ಹೇಳುವುದು ನಿಮ್ಮ ಬಾಕ್ಸ್. 13 ವೋಲ್ಟ್ ಕಳಿಸಿದರೆ ವರ್ಟಿಕಲ್, 18 ವೋಲ್ಟ್ ಕಳಿಸಿದರೆ ಹಾರಿಜಾಂಟಲ್. ಜೊತೆಗೆ 22 ಕಿಲೋಹರ್ಟ್ಜ್ ಟೋನ್ ಸೇರಿಸಿದರೆ ಹೈ ಬ್ಯಾಂಡ್, ಅಂದರೆ ಆ ಹರವಿನ ಮೇಲಿನ ಭಾಗ; ಸೇರಿಸದಿದ್ದರೆ ಲೋ ಬ್ಯಾಂಡ್, ಅಂದರೆ ಕೆಳಗಿನ ಭಾಗ. ಅದೇ ವೈರಿನಲ್ಲಿ ಬಾಕ್ಸಿನ ಆರ್ಡರ್ ಮೇಲೆ ಹೋಗುತ್ತದೆ, ಚಿತ್ರ ಕೆಳಗೆ ಬರುತ್ತದೆ.

ಎರಡು ಬಾಕ್ಸ್‌ಗೆ ಸ್ಪ್ಲಿಟರ್ ಹಾಕಿದರೆ ಒಂದೇ ಎಲ್‌ಎನ್‌ಬಿಗೆ ಇಬ್ಬರು ಯಜಮಾನರಾದ ಹಾಗೆ. ಒಂದು 13 ಅಂದರೆ ಇನ್ನೊಂದು 18 ಅನ್ನುತ್ತದೆ, 18 ಗೆಲ್ಲುತ್ತದೆ. ಸೋತ ರೂಮಿನಲ್ಲಿ ಕಪ್ಪು ಪರದೆ.

ಮಲ್ಟಿಸ್ವಿಚ್ ಮಾಡುವ ಕೆಲಸ ಇಷ್ಟೇ. ನಾಲ್ಕು ಪಾಲನ್ನೂ ನಾಲ್ಕು ವೈರಿನಲ್ಲಿ ಸದಾ ತನ್ನ ಹತ್ತಿರ ಇಟ್ಟುಕೊಂಡಿರುತ್ತದೆ. ಯಾವ ರೂಮಿನ ಬಾಕ್ಸ್ ಏನು ಕೇಳುತ್ತದೋ ಆ ರೂಮಿಗೆ ಅದನ್ನು ಕೊಡುತ್ತದೆ. ಒಂದು ರೂಮಿನವರು ಏನು ನೋಡಿದರೂ ಇನ್ನೊಂದು ರೂಮಿಗೆ ಗೊತ್ತೇ ಆಗುವುದಿಲ್ಲ.

ಹಾಗಂತ ಎಲ್ಲರಿಗೂ ಇದು ಬೇಕಿಲ್ಲ. ಎರಡು ಟೀವಿ ಇದ್ದರೆ ಟ್ವಿನ್ ಎಲ್‌ಎನ್‌ಬಿ, ನಾಲ್ಕರವರೆಗೆ ಕ್ವಾಡ್ ಎಲ್‌ಎನ್‌ಬಿ ಹಾಕಿ ನೇರವಾಗಿ ವೈರ್ ಎಳೆದರೆ ಸಾಕು. ಸುಮ್ನೆ ದುಡ್ಡು ಸುರಿಯಬೇಡಿ. ಲೆಕ್ಕ ಹಾಕುವಾಗ ಟೀವಿ ಎಣಿಸಬೇಡಿ, ವೈರ್ ಎಣಿಸಿ. ಒಂದು ಚಾನೆಲ್ ನೋಡುತ್ತಾ ಇನ್ನೊಂದನ್ನು ರೆಕಾರ್ಡ್ ಮಾಡುವ ಎರಡು ಟ್ಯೂನರ್ ಇರುವ ಬಾಕ್ಸ್‌ಗೆ ಸಾಮಾನ್ಯವಾಗಿ ಎರಡು ವೈರ್ ಬೇಕು. ವೈರ್ ನಾಲ್ಕು ದಾಟಿತು, ಅಥವಾ ಎರಡು ಉಪಗ್ರಹ ಬೇಕು, ಜೊತೆಗೆ ಆಂಟೆನಾದ ಸ್ಥಳೀಯ ಚಾನೆಲ್ಲೂ ಅದೇ ವೈರಿನಲ್ಲಿ ಬರಬೇಕು ಅಂದರೆ ಆಗ ಮಲ್ಟಿಸ್ವಿಚ್.

ಇನ್ನು ಹೊಟ್ಟೆ ಉರಿಸುವ ಎರಡು ಹೆಸರು: ಕ್ವಾಡ್ ಮತ್ತು ಕ್ವಾಟ್ರೊ. ಎರಡಕ್ಕೂ ನಾಲ್ಕು ಸಾಕೆಟ್, ನೋಡೋಕೆ ಅಕ್ಕತಂಗಿಯರು. ಕ್ವಾಡ್ ಒಳಗೇ ಸ್ವಿಚ್ ಇದೆ, ಅದು ನೇರವಾಗಿ ಬಾಕ್ಸ್‌ಗೆ ಹಾಕುವಂಥದ್ದು. ಕ್ವಾಟ್ರೊ ಒಳಗೆ ಸ್ವಿಚ್ ಇಲ್ಲ, ಒಂದೊಂದು ಸಾಕೆಟ್‌ನಲ್ಲೂ ಒಂದೊಂದು ಪಾಲು ಖಾಯಂ. ಮಲ್ಟಿಸ್ವಿಚ್‌ಗೆ ಬೇಕಾಗಿರುವುದು ಕ್ವಾಟ್ರೊ. ನಮ್ಮ ಮನೆಗೆ ಫಿಟ್ ಮಾಡಲು ಬಂದವನು ತಂದಿದ್ದು ಕ್ವಾಡ್. ಅರ್ಧಕ್ಕಿಂತ ಜಾಸ್ತಿ ಚಾನೆಲ್ ಬರಲಿಲ್ಲ. ಆತ ಏಣಿ ಹತ್ತಿ ಡಿಶ್ಶನ್ನು ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ, ಮರ ಅಡ್ಡ ಬರ್ತಿದೆ ಅಂದ, ಮೋಡ ಅಂದ. ನಾನು ಕೆಳಗೆ ನಿಂತು ತಲೆಯಾಡಿಸಿದೆ. ಎಲ್‌ಎನ್‌ಬಿಯ ಮೈಮೇಲೇ ಹೆಸರು ಬರೆದಿತ್ತು, ಇಬ್ಬರೂ ಓದಲಿಲ್ಲ. ಬಂದವನು ಡಿಶ್ ತಿರುಗಿಸಲು ಶುರು ಮಾಡಿದರೆ ಮೊದಲು ಆ ಹೆಸರು ಓದಿಸಿ. ಕ್ವಾಡ್ ಜೊತೆಗೂ ಕೆಲಸ ಮಾಡುವ ಕೆಲವು ಮಲ್ಟಿಸ್ವಿಚ್‌ಗಳಿವೆ, ಇಲ್ಲ ಅಂತಲ್ಲ. ಅಂಥದ್ದರಲ್ಲಿ ಹಾಗಂತಲೇ ಬರೆದಿರುತ್ತದೆ. ಬರೆದಿಲ್ಲ ಅಂದರೆ ಕ್ವಾಟ್ರೊ.

ಮಲ್ಟಿಸ್ವಿಚ್ ಮೇಲಿನ ನಂಬರ್ ಓದುವುದು ಸುಲಭ. 5/8 ಅಂದರೆ ಒಳಗೆ ಬರುವ ವೈರ್ 5, ಹೊರಗೆ ಹೋಗುವುದು 8. ಆ ಐದರಲ್ಲಿ ನಾಲ್ಕು ಡಿಶ್‌ನದ್ದು, ಒಂದು ಆಂಟೆನಾದ್ದು. 9/8 ಅಂದರೆ ಎರಡು ಉಪಗ್ರಹ, 17/8 ಅಂದರೆ ನಾಲ್ಕು. ನಮ್ಮಂಥವರಿಗೆ 9/8 ಬೇಕಾಗುವ ಸಂದರ್ಭವೇ ಜಾಸ್ತಿ. ನಮ್ಮ ಚಾನೆಲ್‌ಗಳು ಒಂದು ಉಪಗ್ರಹದಲ್ಲಿ, ಈ ದೇಶದ ಚಾನೆಲ್‌ಗಳು ಇನ್ನೊಂದರಲ್ಲಿ. ಎರಡು ಉಪಗ್ರಹ ಹತ್ತಿರವಿದ್ದರೆ ಒಂದೇ ಡಿಶ್‌ಗೆ ಎರಡು ಎಲ್‌ಎನ್‌ಬಿ ಕೂರಿಸಬಹುದು, ದೂರವಿದ್ದರೆ ಎರಡು ಡಿಶ್. ಹೀಗೆ ಎರಡಿದ್ದಾಗ ಬಾಕ್ಸಿನ ಸೆಟ್ಟಿಂಗ್‌ನಲ್ಲಿ ಡೈಸೆಕ್ ಅಂತ ಒಂದಿರುತ್ತದೆ. ಮೊದಲ ಉಪಗ್ರಹಕ್ಕೆ ಎ, ಎರಡನೆಯದಕ್ಕೆ ಬಿ ಅಂತ ಕೊಡಬೇಕು. ಇದನ್ನು ಕೊಡದೆ "ಎರಡನೇದು ಬರ್ತಾನೇ ಇಲ್ಲ" ಅಂತ ಫೋನ್ ಮಾಡುವವರು ಇವತ್ತಿಗೂ ಇದ್ದಾರೆ.

ಸ್ವಂತ ಪವರ್ ಸಪ್ಲೈ ಇರುವ ಮಲ್ಟಿಸ್ವಿಚ್ ತೆಗೆದುಕೊಳ್ಳಿ. ಬಾಕ್ಸ್‌ಗಳಿಂದಲೇ ಕರೆಂಟ್ ಎಳೆದುಕೊಳ್ಳುವವೂ ಇವೆ, ಆದರೆ ಹಳೇ ಬಾಕ್ಸ್‌ಗಳಿಗೆ ಅದು ಭಾರ. ಅಡಾಪ್ಟರ್ ಹೊರಗಿದ್ದರೆ ಇನ್ನೂ ಒಳ್ಳೆಯದು. ಹಗಲೂ ರಾತ್ರಿ ಬಿಸಿಯಾಗಿರುವ ಭಾಗ ಅದು, ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಯಾರೂ ನೋಡದಿದ್ದಾಗ ಎಷ್ಟು ವ್ಯಾಟ್ ತಿನ್ನುತ್ತದೆ ಅನ್ನುವುದನ್ನೂ ನೋಡಿ, ವರ್ಷವಿಡೀ ಉರಿಯುವ ಸಾಮಾನು ಇದು.

ಎಷ್ಟು ಔಟ್‌ಪುಟ್ ಇರಬೇಕು? ಎಲ್ಲರೂ "ಮುಂದಕ್ಕಿರಲಿ" ಅಂತ ಜಾಸ್ತಿಯದ್ದೇ ತೆಗೆದುಕೊಳ್ಳುತ್ತಾರೆ. ಅದು ತಪ್ಪಲ್ಲ. ಆದರೆ ಸಾಕೆಟ್ ಇದೆ ಅಂತ ಎಲ್ಲಾ ರೂಮಿಗೂ ವೈರ್ ಎಳೆಯುವ ಮುಂಚೆ ಒಂದು ವಿಷಯ ಯೋಚಿಸಿ. ಒಂದೇ ಟೀವಿ ಇದ್ದಾಗ ನಮ್ಮ ಮನೆಯಲ್ಲಿ ರಿಮೋಟ್‌ಗೆ ಜಗಳ ತಪ್ಪುತ್ತಿರಲಿಲ್ಲ, ನಿಜ. ಆದರೆ ಮಗಳು ಅಲ್ಲೇ ಕೂತು ಹೋಂವರ್ಕ್ ಮಾಡುತ್ತಿದ್ದಳು. ಧಾರಾವಾಹಿಯನ್ನು ಬಯ್ದುಕೊಳ್ಳುತ್ತಲೇ ಕೇಳುತ್ತಿದ್ದಳು. ಕೂರಿಸಿ ಕಲಿಸಿದ ಕನ್ನಡಕ್ಕಿಂತ ಹಾಗೆ ಕಿವಿಗೆ ಬಿದ್ದ ಕನ್ನಡವೇ ಅವಳಿಗೆ ಜಾಸ್ತಿ ಅಂಟಿತು. ಅತ್ತೆ ಸೊಸೆ ಜಗಳದ ಬೈಗುಳ ಕೂಡ ಸರಿಯಾದ ಜಾಗದಲ್ಲಿ ಬಳಸುತ್ತಿದ್ದಳು. ಮಲ್ಟಿಸ್ವಿಚ್ ಬಂತು, ಜಗಳ ನಿಂತಿತು. ಅವರವರ ರೂಮು, ಅವರವರ ಚಾನೆಲ್. ಅಮ್ಮ ಬಂದಿದ್ದಾಗ ಅವರಿಗೂ ಒಂದು ಟೀವಿ ಕೊಟ್ಟೆವು, ಉಪಕಾರ ಮಾಡಿದೆವು ಅಂದುಕೊಂಡು. ಅವರು ಒಬ್ಬರೇ ಕೂತು ಜೋರಾಗಿ ನಗುವುದು ಹಾಲ್‌ಗೆ ಕೇಳಿಸುತ್ತಿತ್ತು. ಊಟಕ್ಕೆ ಬಂದಾಗ "ಇವತ್ತು ಏನಾಯ್ತು ಗೊತ್ತೇನೋ?" ಅಂತ ಕಥೆ ಶುರು ಮಾಡುತ್ತಿದ್ದರು. ಕಥೆಯ ಹಿಂದುಮುಂದು ನಮಗ್ಯಾರಿಗೂ ಗೊತ್ತಿರುತ್ತಿರಲಿಲ್ಲ. ಎರಡು ನಿಮಿಷ ಹೇಳಿ ಅವರೇ ಬಿಟ್ಟುಬಿಡುತ್ತಿದ್ದರು. ತಂತ್ರಜ್ಞಾನದ ಮೇಲೆ ಗೂಬೆ ಕೂರಿಸುತ್ತಿಲ್ಲ, ಈಗಿನ ಮಕ್ಕಳಿಗೆ ಫೋನ್ ಇದ್ದೇ ಇದೆ. ಆದರೂ ನನ್ನ ಕೇಳಿದರೆ, ನಮ್ಮ ಚಾನೆಲ್ ಬರುವ ಬಾಕ್ಸ್ ಎಲ್ಲರೂ ಕೂರುವ ಕಡೆ ಇರಲಿ. ಅಮ್ಮನ ರೂಮಿನ ವೈರನ್ನು ಆಮೇಲೆ ನಾನೇ ತೆಗೆದೆ, ಅವರು ಏನೂ ಕೇಳದೆ ಹಾಲ್‌ಗೆ ಬಂದು ಕೂತರು.

ಹಾಗೆ ಖಾಲಿ ಬಿಟ್ಟ ಸಾಕೆಟ್‌ಗೆ 75 ಓಮ್ ಟರ್ಮಿನೇಟರ್ ಅಂತ ಒಂದು ಪುಟ್ಟ ಮುಚ್ಚಳ ಸಿಗುತ್ತದೆ, ಡಿಸಿ ಕರೆಂಟ್ ತಡೆಯುವಂಥದ್ದು. ಅದನ್ನು ತಿರುಗಿಸಿ ಹಾಕಿಬಿಡಿ.

ಮಲ್ಟಿಸ್ವಿಚ್ ಕೂರಿಸುವ ಜಾಗ ಒಣಗಿರಬೇಕು, ಗಾಳಿಯಾಡಬೇಕು, ಹತ್ತಿರ ಕರೆಂಟ್ ಪಾಯಿಂಟ್ ಇರಬೇಕು. ಅಲ್ಲಿಂದ ಪ್ರತಿ ರೂಮಿಗೂ ಬೇರೆ ಬೇರೆ ವೈರ್ ಹೋಗಬೇಕು. ಒಂದು ರೂಮಿನ ಸಾಕೆಟ್‌ನಿಂದ ಪಕ್ಕದ ರೂಮಿಗೆ ಎಳೆಯುವ ನಮ್ಮ ಹಳೇ ಉಪಾಯ ಇಲ್ಲಿ ನಡೆಯುವುದಿಲ್ಲ.

ವೈರಿನ ವಿಷಯದಲ್ಲಿ ಜಿಪುಣತನ ಬೇಡ. 75 ಓಮ್‌ನ ಆರ್‌ಜಿ-6 ದರ್ಜೆಯದ್ದು, ಒಳಗಿನ ತಂತಿ ಪೂರ್ತಿ ತಾಮ್ರದ್ದು. ಅಗ್ಗದ್ದರಲ್ಲಿ ಉಕ್ಕಿನ ತಂತಿಗೆ ಮೇಲೆ ತಾಮ್ರದ ಲೇಪ ಹೊಡೆದಿರುತ್ತಾರೆ. ಒಂದು ಅಯಸ್ಕಾಂತ ಹಿಡಿದು ನೋಡಿ, ಅಂಟಿಕೊಂಡರೆ ಅದು ಉಕ್ಕು. ಈ ವೈರಿನಲ್ಲಿ ಸಿಗ್ನಲ್ ಜೊತೆ ಎಲ್‌ಎನ್‌ಬಿಗೆ ಕರೆಂಟೂ ಹೋಗಬೇಕು, ಉದ್ದವಾದಷ್ಟೂ ಉಕ್ಕಿನ ತಂತಿಯಲ್ಲಿ ವೋಲ್ಟೇಜ್ ಬೀಳುತ್ತದೆ. ಒಳ್ಳೇ ವೈರಿನಲ್ಲೂ 2150 ಮೆಗಾಹರ್ಟ್ಜ್ ಹತ್ತಿರ 100 ಮೀಟರ್‌ಗೆ ಸುಮಾರು 30 ಡೆಸಿಬೆಲ್ ಸಿಗ್ನಲ್ ನಷ್ಟವಾಗುತ್ತದೆ. ಸುತ್ತಿ ಸುತ್ತಿ ಎಳೆಯಬೇಡಿ, ಮೂಲೆಯಲ್ಲಿ ಕಡ್ಡಿ ಮುರಿದ ಹಾಗೆ ಮಡಚಬೇಡಿ.

ತೊಂದರೆಗಳಲ್ಲಿ ಬಹುಪಾಲು ವೈರಿನ ತುದಿಗೆ ಹಾಕುವ ಎಫ್ ಕನೆಕ್ಟರ್ ಹತ್ತಿರವೇ ಇರುತ್ತದೆ. ಮೇಲಿನ ಪ್ಲಾಸ್ಟಿಕ್ ಸುಲಿದ ಮೇಲೆ ಜಾಲರಿಯನ್ನು ಹಿಂದಕ್ಕೆ ಮಡಚುತ್ತೇವಲ್ಲ, ಆಗ ಕೂದಲಿಗಿಂತ ಸಣ್ಣ ಒಂದು ಎಳೆ ಮುಂದೆ ಉಳಿದು ನಡುವಿನ ತಂತಿಗೆ ತಾಗಿದರೆ ಸಾಕು, ಶಾರ್ಟ್. ಬೆಳಕಿಗೆ ಹಿಡಿದು ನೋಡಿ, ಕನ್ನಡಕ ಇದ್ದವರು ಹಾಕಿಕೊಂಡೇ ನೋಡಿ. ಕನೆಕ್ಟರ್ ಒಳಗಿನ ತಳಕ್ಕೆ ಬಿಳಿ ಭಾಗ ಸಮವಾಗಿ ಕೂರಬೇಕು, ನಡುವಿನ ತಂತಿ ಅಂಚಿನಿಂದ ಒಂದೆರಡು ಮಿಲಿಮೀಟರ್ ಹೊರಗೆ ಕಾಣಬೇಕು. ಕೈಯಲ್ಲಿ ತಿರುಗಿಸಿ ಹಾಕುವುದಕ್ಕಿಂತ ಟೂಲ್‌ನಿಂದ ಒತ್ತಿ ಕೂರಿಸುವ ಕಂಪ್ರೆಶನ್ ಕನೆಕ್ಟರ್ ಗಟ್ಟಿ. ಹೊರಗಡೆ ಎಲ್‌ಎನ್‌ಬಿ ಹತ್ತಿರ ವೈರನ್ನು ಸ್ವಲ್ಪ ಕೆಳಗೆ ಜೋತು ಬಿಟ್ಟು ಮೇಲೆ ತನ್ನಿ, ಮಳೆ ನೀರು ಕನೆಕ್ಟರ್‌ಗೆ ಇಳಿಯದೆ ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಕನೆಕ್ಟರ್ ಹಾಕುವಾಗ, ತೆಗೆಯುವಾಗ ಎಲ್ಲದರ ಪ್ಲಗ್ ಕಿತ್ತಿರಲಿ.

ಎಲ್‌ಎನ್‌ಬಿಯಿಂದ ಬರುವ ನಾಲ್ಕು ವೈರ್‌ಗೂ ಎರಡೂ ತುದಿಯಲ್ಲಿ ಚೀಟಿ ಅಂಟಿಸಿ: ವರ್ಟಿಕಲ್ ಲೋ, ಹಾರಿಜಾಂಟಲ್ ಲೋ, ವರ್ಟಿಕಲ್ ಹೈ, ಹಾರಿಜಾಂಟಲ್ ಹೈ. ಏಣಿ ಮೇಲಿರುವಾಗ ನೆನಪಿರುತ್ತದೆ ಅನ್ನಿಸುತ್ತದೆ. ಇಳಿದ ಮೇಲೆ ನಾಲ್ಕೂ ಒಂದೇ ಥರ ಕಪ್ಪಗಿರುತ್ತವೆ.

ಡಿಶ್, ಕಂಬ, ಮಲ್ಟಿಸ್ವಿಚ್ ಮೈ, ಎಲ್ಲವನ್ನೂ ಮನೆಯ ಅರ್ಥಿಂಗ್‌ಗೆ ಸೇರಿಸುವುದು ಎಲೆಕ್ಟ್ರಿಷಿಯನ್ ಕೆಲಸ, ಅದನ್ನು ನೀವು ಮಾಡಬೇಡಿ. ವೈರಿನ ಲೋಹ ಮುಟ್ಟಿದಾಗ ಜುಮ್ ಅಂದರೆ "ಸ್ವಲ್ಪ ತಾನೇ" ಅಂತ ಸುಮ್ಮನಿರಬೇಡಿ. ಹತ್ತಾರು ಸಲಕರಣೆಗಳ ಸೋರಿಕೆ ಕರೆಂಟ್ ಅಲ್ಲಿ ಸೇರುತ್ತಿರುತ್ತದೆ. ಬಾಡಿಗೆ ಮನೆಯಾದರೆ ಮನೆ ಮಾಲೀಕರಿಂದ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ, ಅಷ್ಟೇ.

ಬಾಡಿಗೆ ಮನೆಯವರಿಗೆ, ಗೋಡೆ ಕೊರೆಯಲು ಬಿಡದವರಿಗೆ ಇನ್ನೊಂದು ದಾರಿ ಇದೆ, ಯೂನಿಕೇಬಲ್. ಒಂದೇ ವೈರಿನಲ್ಲಿ ಹಲವು ಬಾಕ್ಸ್ ನಡೆಯುತ್ತವೆ. ಹಳೇ ಪದ್ಧತಿಯಲ್ಲಿ 8ರವರೆಗೆ, ಹೊಸದರಲ್ಲಿ 32ರವರೆಗೆ. ಬಾಕ್ಸ್ ಇದಕ್ಕೆ ಹೊಂದುವಂಥದ್ದಾಗಿರಬೇಕು, ಪ್ರತಿ ಬಾಕ್ಸ್‌ಗೂ ಅದರದೇ ನಂಬರ್ ಮತ್ತು ಫ್ರೀಕ್ವೆನ್ಸಿ ಕೊಡಬೇಕು. ಎರಡಕ್ಕೆ ಒಂದೇ ನಂಬರ್ ಕೊಟ್ಟರೆ ಮತ್ತೆ ಸ್ಪ್ಲಿಟರ್ ಜಗಳವೇ. ತಮಾಷೆ ಅಂದರೆ ಇಲ್ಲಿ ಸ್ಪ್ಲಿಟರ್ ಹಾಕಲೇಬೇಕು, ಆದರೆ ಎಲ್ಲಾ ಕಡೆಗೂ ಡಿಸಿ ಬಿಡುವಂಥದ್ದು.

ಫಿಟ್ ಮಾಡಿದವನಿಗೆ ದುಡ್ಡು ಕೊಡುವ ಮುಂಚೆ ಪ್ರತಿ ರೂಮಿನಲ್ಲೂ ನಾಲ್ಕು ಚಾನೆಲ್ ಹಾಕಿಸಿ ನೋಡಿ, ಒಂದೊಂದು ಪಾಲಿನಿಂದ ಒಂದೊಂದು. ಎಲ್ಲಾ ರೂಮಿನಲ್ಲೂ ಒಂದೇ ಪಾಲು ಇಲ್ಲ ಅಂದರೆ ಆ ಪಾಲಿನ ವೈರ್ ಅಥವಾ ಕನೆಕ್ಟರ್. ಎರಡು ಪಾಲು ಒಟ್ಟಿಗೆ ಇಲ್ಲ ಅಂದರೆ ಬಹುಶಃ ಎರಡು ವೈರ್ ಅದಲು ಬದಲು. ಒಂದೇ ರೂಮಿನಲ್ಲಿ ಏನೂ ಇಲ್ಲ ಅಂದರೆ ಆ ರೂಮಿನ ವೈರನ್ನು ಮಲ್ಟಿಸ್ವಿಚ್‌ನ ಬೇರೆ ಸಾಕೆಟ್‌ಗೆ ಹಾಕಿ ನೋಡಿ. ಎಲ್ಲಾ ಕಡೆ ಏನೂ ಇಲ್ಲ ಅಂದರೆ ಮೊದಲು ಅಡಾಪ್ಟರ್‌ನ ಲೈಟ್ ಉರಿಯುತ್ತಿದೆಯಾ ನೋಡಿ, ಆಮೇಲೆ ಏಣಿ ಹತ್ತಿ.