ಮೈನಸ್ ಒಂದನ್ನು ಮುಟ್ಟಿದ ದಿನ

ನಮ್ಮ ತಂಡದ ಒಳಬಳಕೆಗೆ ಒಂದು ಸಣ್ಣ ಸ್ಕ್ರಿಪ್ಟಿಂಗ್ ಭಾಷೆ ಇದೆ. ರಿಪೋರ್ಟ್ ತಯಾರಿಸುವವರೆಲ್ಲ ಅದರಲ್ಲೇ ಬರೆಯುತ್ತಾರೆ. ಅದರ ಬಿಲ್ಟ್‌ಇನ್ ಫಂಕ್ಷನ್‌ಗಳನ್ನು, ಅಂದರೆ ಭಾಷೆಯ ಜೊತೆಗೇ ಬರುವ ಸಿದ್ಧ ಆಜ್ಞೆಗಳನ್ನು, ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಸೇರಿಸಿದ್ದರು. ಒಂದರ ಹೆಸರಲ್ಲಿ ಅಂಡರ್‌ಸ್ಕೋರ್ ಇದೆ, ಇನ್ನೊಂದರಲ್ಲಿ ಇಲ್ಲ. ಒಂದಕ್ಕೆ ಪಠ್ಯ ಮೊದಲು ಕೊಡಬೇಕು, ಇನ್ನೊಂದಕ್ಕೆ ಹುಡುಕುವ ಪದ ಮೊದಲು. ವೆಬ್‌ಸೈಟ್‌ಗಳಿಗೆ ಬಳಸುವ ಪಿಎಚ್‌ಪಿ ಭಾಷೆಯಲ್ಲಿ ಬರೆದವರಿಗೆ ಈ ಕಷ್ಟ ಗೊತ್ತು. ಅಲ್ಲಿ ‘ಸ್ಟ್ರ್‌ಪೋಸ್’ಗೆ ಪಠ್ಯ ಮೊದಲು, ‘ಇನ್_ಅರೇ’ಗೆ ಹುಡುಕುವ ವಸ್ತು ಮೊದಲು. ನಮ್ಮಲ್ಲಿ ಇದನ್ನೆಲ್ಲ ಸರಿಮಾಡುವ ಕೆಲಸ ನನ್ನ ಪಾಲಿಗೆ ಬಂತು. ಓಡುತ್ತಿರುವ ಯಾವ ಸ್ಕ್ರಿಪ್ಟೂ ಕೆಡಬಾರದು ಅನ್ನುವುದೊಂದೇ ಷರತ್ತು.

ಹೆಸರು ಬದಲಿಸುವುದು ಏನೂ ಕಷ್ಟವಲ್ಲ. ಹೊಸ ಹೆಸರಲ್ಲಿ ಫಂಕ್ಷನ್ ಬರೆದೆ. ಹಳೆ ಹೆಸರು ಸುಮ್ನೆ ಅದನ್ನು ಕರೆಯುವಂತೆ ಮಾಡಿದೆ.

ಆರ್ಗ್ಯುಮೆಂಟ್‌ಗಳ, ಅಂದರೆ ಫಂಕ್ಷನ್‌ಗೆ ನಾವು ಕೊಡುವ ಪಠ್ಯ, ಪದ ಇಂಥವುಗಳ, ಕ್ರಮದ ವಿಷಯ ಹಾಗಲ್ಲ. ಎರಡೂ ಕ್ರಮವನ್ನು ಒಪ್ಪಿಕೊಂಡರಾಯಿತು ಅಂತ ಮೊದಲು ಅನ್ನಿಸಿತು. ಪಿಎಚ್‌ಪಿಯ ‘ಇಂಪ್ಲೋಡ್’ ಬಹಳ ಕಾಲ ಹಾಗೇ ಇತ್ತು. ಅದಕ್ಕೆ ಕೊಡುವುದರಲ್ಲಿ ಒಂದು ಅರೇ (ಪಟ್ಟಿ), ಇನ್ನೊಂದು ಸ್ಟ್ರಿಂಗ್ (ಅಕ್ಷರಗಳ ಸಾಲು). ಯಾವುದು ಯಾವುದೆಂದು ನೋಡಿದರೇ ಗೊತ್ತಾಗುತ್ತದೆ. ಆದರೂ ತಿರುಗಾಮುರುಗಾ ಕ್ರಮವನ್ನು ಪಿಎಚ್‌ಪಿ 8.0 ಆವೃತ್ತಿಯಲ್ಲಿ ತೆಗೆದರು. ನಮ್ಮ ಹುಡುಕುವ ಫಂಕ್ಷನ್‌ನಲ್ಲಿ ಎರಡೂ ಸ್ಟ್ರಿಂಗ್. ಪಠ್ಯ ಯಾವುದು, ಪದ ಯಾವುದು ಅಂತ ಕಂಪ್ಯೂಟರ್ ಊಹಿಸಲಾರದು, ಅಲ್ವಾ? ಹಾಗಾಗಿ ಹಳೆ ಹೆಸರಿಗೆ ಹಳೆ ಕ್ರಮವನ್ನೇ ಬಿಟ್ಟೆ. ಹೊಸ ಕ್ರಮ ಹೊಸ ಹೆಸರಿಗೆ ಮಾತ್ರ.

ಇಷ್ಟು ಎಚ್ಚರ ವಹಿಸಿದ ಮೇಲೂ ಒಂದು ಕಡೆ ಎಡವಿದೆ. ಹುಡುಕುವ ಫಂಕ್ಷನ್ ಪದ ಸಿಕ್ಕ ಜಾಗವನ್ನು ಸೊನ್ನೆಯಿಂದ ಎಣಿಸಿ ಹೇಳುತ್ತದೆ. ಪದ ಸಿಗದಿದ್ದರೆ ಹಳೆ ಫಂಕ್ಷನ್ ಮೈನಸ್ ಒಂದನ್ನು ವಾಪಸ್ ಕೊಡುತ್ತಿತ್ತು. ಹೊಸದು ನಲ್ (‘ಏನೂ ಇಲ್ಲ’ ಅನ್ನುವ ಗುರುತು) ಕೊಡುವಂತೆ ಬರೆದಿದ್ದೆ. ಹಳೆಯದು ಹೊಸದನ್ನೇ ಕರೆಯುತ್ತಿದ್ದರಿಂದ ಅದೂ ನಲ್ ಕೊಡತೊಡಗಿತು. ಜನ ತಮ್ಮ ಸ್ಕ್ರಿಪ್ಟ್‌ಗಳಲ್ಲಿ ‘ಉತ್ತರ ಸೊನ್ನೆ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಪದ ಸಿಕ್ಕಿತು’ ಅಂತ ಬರೆದಿದ್ದರು. ನಮ್ಮ ಭಾಷೆಯಲ್ಲಿ ಹೋಲಿಸುವಾಗ ನಲ್ ಅಂದರೆ ಸೊನ್ನೆ. ಅಂದರೆ ಪ್ರತಿ ಸಾಲಿನಲ್ಲೂ ಪದ ಸಿಕ್ಕಿದ ಹಾಗೆ ಲೆಕ್ಕ. ಎರರ್ ಬರಲಿಲ್ಲ, ಸ್ಕ್ರಿಪ್ಟ್ ನಿಲ್ಲಲಿಲ್ಲ, ಅಂಕಿ ಮಾತ್ರ ತಪ್ಪು. ಒಬ್ಬರು ಹಳೆಯ ರಿಪೋರ್ಟ್ ಪಕ್ಕದಲ್ಲಿಟ್ಟು ನೋಡಿದ ಮೇಲೇ ಗೊತ್ತಾದದ್ದು. ಆ ಅಂಕಿ ನಂಬಿ ಕೆಲಸ ಮಾಡಿದವರಿಗೆಲ್ಲ ನಾನೇ ಹೋಗಿ ಹೇಳಿದೆ. ಸ್ಕ್ರಿಪ್ಟ್ ನಿಂತುಹೋಗಿದ್ದರೆ ಎಷ್ಟೋ ವಾಸಿಯಿತ್ತು.

ಅವತ್ತೇ ಮೈನಸ್ ಒಂದನ್ನು ಹಳೆ ಹೆಸರಿಗೆ ವಾಪಸ್ ತಂದೆ. ಆಮೇಲೆ ಟೆಸ್ಟ್ ಬರೆಯುವ ರೀತಿಯೂ ಬದಲಾಯಿತು. ಹಳೆ ಫಂಕ್ಷನ್‌ಗೆ ಖಾಲಿ ಸ್ಟ್ರಿಂಗ್, ನಲ್, ಕನ್ನಡ ಅಕ್ಷರ, ಮೈನಸ್ ಸಂಖ್ಯೆ ಎಲ್ಲ ಕೊಟ್ಟು, ಬಂದ ಉತ್ತರ ಬರೆದಿಟ್ಟುಕೊಂಡೆ. ವಿಚಿತ್ರ ಉತ್ತರಗಳನ್ನೂ ಹಾಗೇ ಇಟ್ಟೆ. ಯಾರೋ ಅದನ್ನೇ ನಂಬಿ ಕೋಡ್ ಬರೆದಿರುತ್ತಾರೆ. ಏನೇ ಬದಲಾವಣೆ ಮಾಡಿದರೂ ಹಳೆ ಹೆಸರು ಅದೇ ಉತ್ತರ ಕೊಡಬೇಕು.

ಇನ್ನು ಯಾರು ಯಾವುದನ್ನು ಬಳಸುತ್ತಾರೆ ಅನ್ನುವ ಪ್ರಶ್ನೆ. ಕೋಡ್‌ನಲ್ಲಿ ಹೆಸರು ಹುಡುಕಿದರೆ ಸಾಲದು. ಕೆಲವರು ಫಂಕ್ಷನ್ ಹೆಸರನ್ನೇ ಎರಡು ತುಂಡು ಜೋಡಿಸಿ ಕರೆಯುತ್ತಿದ್ದರು. ಅದಕ್ಕೇ ಸ್ಕ್ರಿಪ್ಟ್ ಓಡುವಾಗಲೇ ಯಾವ ಹೆಸರನ್ನು ಕರೆಯಿತು ಅಂತ ಲಾಗ್ ಬರೆಸಿದೆ. ವರ್ಷಕ್ಕೊಮ್ಮೆ ಮಾತ್ರ ಓಡುವ ಸ್ಕ್ರಿಪ್ಟ್‌ಗಳೂ ಇದ್ದದ್ದರಿಂದ ಹಳೆ ಹೆಸರು ತೆಗೆಯುವ ಮೊದಲು ಪೂರ್ತಿ ಒಂದು ವರ್ಷ ಕಾದೆ. ಅಷ್ಟು ಕಾಯಬೇಕಾ ಅಂತ ಕೇಳಿದವರಿಗೆ ಪಿಎಚ್‌ಪಿಯ ‘ಈಚ್’ ಫಂಕ್ಷನ್ ತೋರಿಸಿದೆ. 2017ರಲ್ಲಿ, 7.2ರಲ್ಲಿ, ಅದನ್ನು ಬಳಸಬೇಡಿ ಅಂತ ವಾರ್ನಿಂಗ್ ಶುರುವಾಯಿತು. ತೆಗೆದದ್ದು 2020ರ 8.0ರಲ್ಲಿ.

ಹಳೆ ಹೆಸರು ಬಳಸಿದರೆ ಬರುವ ನಮ್ಮ ವಾರ್ನಿಂಗ್‌ನಲ್ಲಿ ಫೈಲ್ ಹೆಸರು, ಸಾಲಿನ ಸಂಖ್ಯೆ, ಬದಲಿಗೆ ಏನು ಬರೆಯಬೇಕು ಅನ್ನುವುದು ಮೂರೂ ಇರುತ್ತವೆ. ಒಂದು ಸಾಲಿಗೆ ಒಂದೇ ಸಲ ಬರುತ್ತದೆ. ಅದು ಎರರ್ ಸ್ಟ್ರೀಮ್‌ಗೇ, ಅಂದರೆ ತಪ್ಪುಗಳ ಸಂದೇಶ ಹೋಗುವ ಬೇರೆ ದಾರಿಗೇ, ಹೋಗಬೇಕು. ಔಟ್‌ಪುಟ್‌ಗೆ ಹೋದರೆ ರಿಪೋರ್ಟ್‌ನ ಸಿಎಸ್‌ವಿ ಫೈಲ್‌ನ (ಕಾಮಾ ಹಾಕಿ ಬೇರ್ಪಡಿಸಿದ ಮಾಹಿತಿಯ ಫೈಲ್) ನಡುವೆ ಬಂದು ಕೂರುತ್ತದೆ.

ವರ್ಷ ಮುಗಿದ ಮೇಲೆ, ಲಾಗ್‌ನಲ್ಲಿ ಒಮ್ಮೆಯೂ ಕಾಣದ ಹೆಸರುಗಳನ್ನು ಮಾತ್ರ ತೆಗೆದೆ. ಹಳೆಯ ಹುಡುಕುವ ಫಂಕ್ಷನ್ ಇನ್ನೂ ಇದೆ. ಪದ ಸಿಗದಿದ್ದರೆ ಇವತ್ತಿಗೂ ಮೈನಸ್ ಒಂದನ್ನೇ ಕೊಡುತ್ತದೆ.